ಗಡಿಯ ಕನ್ನಡ ವೀಕ್ಷಕರು ಯಾರ ಲೆಕ್ಕದಲ್ಲಿ?

ಉಮರ್ಗಾ, ನಿಲಂಗಾ, ಉದಗೀರ ಮೂರೂ ಹಿಂದಿನ ಹೈದರಾಬಾದ್ ರಾಜ್ಯದ ತಾಲೂಕುಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯಿಂದ ಬೇರ್ಪಟ್ಟು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಆಡಳಿತ ಮರಾಠಿಗೆ ಹೋಯಿತು, ಗಡಿಯಂಚಿನ ಅನೇಕ ಮನೆಗಳಲ್ಲಿ ಕನ್ನಡ ಉಳಿಯಿತು. ಇಂಥ ಮನೆಯಲ್ಲಿ ಸಂಜೆ ಕನ್ನಡ ಧಾರಾವಾಹಿ ನೋಡಿದರೆ ಅದು ಯಾರ ಲೆಕ್ಕಕ್ಕೆ ಸೇರುತ್ತದೆ? ಮೊಬೈಲಿನಲ್ಲಿ ವಿಡಿಯೋ ನೋಡುವುದು ಹೆಚ್ಚಾದ ಮೇಲೆ ಈ ಪ್ರಶ್ನೆಗೆ ಎರಡು ಉತ್ತರಗಳಿವೆ.

ಹಳ್ಳಿಯಲ್ಲಿ ಮೊದಲ ಎಣಿಕೆ

1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಂದಿತು. ಕರ್ನಾಟಕದಲ್ಲಿ ಇಂದಿನ ಕಲಬುರಗಿ, ರಾಯಚೂರು, ವಿಜಯಪುರ ಭಾಗ ಅದರಲ್ಲಿತ್ತು. ನೋಡಿದವರು ಯಾರು, ಅವರಿಗೆ ಏನು ಅರ್ಥವಾಯಿತು ಎಂಬುದನ್ನು ಸಂಶೋಧಕರು ಹಳ್ಳಿಗಳಿಗೇ ಹೋಗಿ ಕೇಳಿ ಬರೆದುಕೊಂಡರು.

ಟಿಆರ್‌ಪಿ ಹೇಗೆ ಬರುತ್ತದೆ?

2015ರಿಂದ ಟಿವಿ ವೀಕ್ಷಣೆಯ ಅಂಕಿಗಳನ್ನು ಬಾರ್ಕ್ ಸಂಸ್ಥೆ ಕೊಡುತ್ತಿದೆ. ವಾಹಿನಿಯ ಧ್ವನಿಯೊಳಗೆ ಕಿವಿಗೆ ಕೇಳಿಸದ ಒಂದು ಗುರುತು ಇರುತ್ತದೆ. ಆಯ್ದ ಮನೆಗಳಲ್ಲಿ ಇಟ್ಟ ಮೀಟರ್ ಅದನ್ನು ಹಿಡಿಯುತ್ತದೆ. ನೋಡುತ್ತಿರುವವರು ರಿಮೋಟಿನಲ್ಲಿ ತಮ್ಮ ಗುಂಡಿ ಒತ್ತಬೇಕು. 2020ರಲ್ಲಿ ದೇಶದ ಸುಮಾರು 21 ಕೋಟಿ ಟಿವಿ ಮನೆಗಳಿಗೆ ಇಂಥ ಮನೆಗಳು ಸುಮಾರು 44,000 ಇದ್ದವು. ಅಂದರೆ ಹೆಚ್ಚುಕಡಿಮೆ 4,800 ಮನೆಗಳ ಪರವಾಗಿ ಒಂದೇ ಮನೆ.

ಬಾರ್ಕ್‌ನ ವಾರದ ಪಟ್ಟಿಗಳಲ್ಲಿ ಕನ್ನಡಕ್ಕೆ ಕರ್ನಾಟಕ, ಮರಾಠಿಗೆ ಮಹಾರಾಷ್ಟ್ರ-ಗೋವಾ ಮಾರುಕಟ್ಟೆ. ಹೀಗಾಗಿ ಉದಗೀರದ ಮನೆಯೊಂದರಲ್ಲಿ ಮೀಟರ್ ಇದ್ದರೂ ಅಲ್ಲಿ ನೋಡಿದ ಕನ್ನಡ ಧಾರಾವಾಹಿ ಕನ್ನಡದ ಪಟ್ಟಿಗೆ ಸೇರದು. ಜಾಹೀರಾತಿನ ದರ ನಿಲ್ಲುವುದು ಈ ಅಂಕಿಗಳ ಮೇಲೆಯೇ. ಎಣಿಕೆಗೆ ಬಾರದ ವೀಕ್ಷಕರಿಗಾಗಿ ಯಾರೂ ಖರ್ಚು ಮಾಡುವುದಿಲ್ಲ. ಜೊತೆಗೆ 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ವಾಹಿನಿಗಳನ್ನು ಗ್ರಾಹಕರೇ ಆರಿಸಿ ಹಣ ಕೊಡಬೇಕು. ಮರಾಠಿ, ಕನ್ನಡ ಎರಡೂ ಬೇಕೆನ್ನುವ ಮನೆಗೆ ಇದು ಹೆಚ್ಚಿನ ಹೊರೆ.

ಮೊಬೈಲಿನ ಲೆಕ್ಕ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭವಾದ ಮೇಲೆ ಡೇಟಾ ಅಗ್ಗವಾಯಿತು. ವಾಹಿನಿಗಳ ಕಾರ್ಯಕ್ರಮಗಳು ಝೀ5, ಇಂದಿನ ಜಿಯೋಹಾಟ್‌ಸ್ಟಾರ್, ಯೂಟ್ಯೂಬ್‌ಗಳಲ್ಲಿ ಸಿಗತೊಡಗಿದವು. 2023ರ ಐಪಿಎಲ್ ಅನ್ನು ಜಿಯೋಸಿನಿಮಾ ಉಚಿತವಾಗಿ ತೋರಿಸಿತು. ಕನ್ನಡ, ಮರಾಠಿ ಎರಡರಲ್ಲೂ ವೀಕ್ಷಕ ವಿವರಣೆ ಇತ್ತು. ಅಂತಿಮ ಪಂದ್ಯವನ್ನು ಒಂದು ಹಂತದಲ್ಲಿ 3.2 ಕೋಟಿ ವೀಕ್ಷಕರು ಏಕಕಾಲಕ್ಕೆ ನೋಡಿದರೆಂದು ಕಂಪನಿ ಹೇಳಿತು.

ಈ ಲೆಕ್ಕಕ್ಕೆ ರಾಜ್ಯದ ಗಡಿ ಅಡ್ಡಬರುವುದಿಲ್ಲ. ನಿಲಂಗಾದಲ್ಲಿ ನೋಡಿದರೂ ಬೆಂಗಳೂರಿನಲ್ಲಿ ನೋಡಿದರೂ ಯೂಟ್ಯೂಬ್ ವಿಡಿಯೋದ ಕೆಳಗೆ ಒಂದು ವೀಕ್ಷಣೆ ಕೂಡುತ್ತದೆ.

ಆದರೆ ವೀಕ್ಷಣೆ ಎಂದರೆ ವೀಕ್ಷಕರಲ್ಲ. ಒಂದೇ ಫೋನಿನಲ್ಲಿ ನಾಲ್ವರು ನೋಡಿದರೆ ಒಂದು, ಒಬ್ಬರೇ ಎರಡು ಸಲ ನೋಡಿದರೆ ಎರಡಾಗಬಹುದು. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಶುರುವಾದರೆ ಸಾಕು, ಎಣಿಕೆಯಾಗುತ್ತದೆ. ಟಿವಿಯ ಅಂಕಿ ನಿಮಿಷಗಳ ಸರಾಸರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇಲ್ಲಿ ಕಂಪನಿಗಳು ತಮ್ಮ ಲೆಕ್ಕವನ್ನು ತಾವೇ ಹೇಳುತ್ತವೆ ಎಂಬುದೂ ನೆನಪಿರಲಿ.

ವೀಕ್ಷಕರು ಏನು ಮಾಡಬಹುದು?

ವಾಟ್ಸಾಪ್‌ನಲ್ಲಿ ಬಂದ ವಿಡಿಯೋದ ನಕಲನ್ನು ಎಷ್ಟು ಜನ ನೋಡಿದರೂ ಅದು ಮೂಲ ವಾಹಿನಿಯ ಎಣಿಕೆಗೆ ಸೇರುವುದಿಲ್ಲ. ಮೂಲ ಕೊಂಡಿಯನ್ನೇ ತೆರೆದು ನೋಡಿದರೆ ಸೇರುತ್ತದೆ. ಇಲ್ಲಿಯೂ ಕನ್ನಡ ನೋಡುವವರಿದ್ದಾರೆ ಎಂದು ತೋರಿಸಲು ಗಡಿಯ ಮನೆಗಳಿಗೆ ಸದ್ಯಕ್ಕಿರುವ ಸುಲಭ ದಾರಿ ಅದು.