ಹಡಗಿನ ಪಾಲಿಸಿ, ಕಾರಿನ ತುಕ್ಕು

1980ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಕೊನೆಯ ಎಂಜಿಬಿ ಕಾರು ಹೊರಬಂತು. ಎಂಟು ವರ್ಷ ಕಳೆದ ಮೇಲೆ, 1988ರಲ್ಲಿ, ಅದೇ ಕಾರಿನ ಬಾಡಿ ಶೆಲ್ ಮತ್ತೆ ಹೊಸದಾಗಿ ತಯಾರಾಗತೊಡಗಿತು. ಇಡೀ ಕಾರಲ್ಲ, ಬರೀ ಶೆಲ್. ಎಂಜಿನ್ ಇಲ್ಲ, ಚಕ್ರ ಇಲ್ಲ, ಸೀಟಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತಂದು, ಅವುಗಳಿಂದಲೇ ತಗಡು ಒತ್ತಿಸಿ, ವೆಲ್ಡ್ ಮಾಡಿಸಿ ಮಾರಿತು. ಇಂಥದ್ದನ್ನು ಯಾರು ಕೊಳ್ತಾರೆ ಅಂತ ಕೇಳಬಹುದು. ಮನೆಯ ಶೆಡ್ಡಿನಲ್ಲಿ ತುಕ್ಕು ಹಿಡಿದ ಎಂಜಿಬಿ ಇಟ್ಟುಕೊಂಡು ವರ್ಷಗಟ್ಟಲೆ ಒದ್ದಾಡುತ್ತಿದ್ದ ಸಾವಿರಾರು ಜನ ಕೊಂಡರು.

ನಮಗೆ ಇವತ್ತು ಎಂಜಿ ಅಂದ್ರೆ ಹೆಕ್ಟರ್ ನೆನಪಾಗುತ್ತೆ. ಆ ಎರಡಕ್ಷರದ ಮೂಲ ಆಕ್ಸ್‌ಫರ್ಡ್‌ನ ಮಾರಿಸ್ ಗ್ಯಾರೇಜಸ್. 1962ರಲ್ಲಿ ಬಂದ ಎಂಜಿಬಿ ಶ್ರೀಮಂತರ ಆಟಿಕೆಯಾಗಿರಲಿಲ್ಲ, ಸಂಬಳದವರೂ ಕನಸು ಕಾಣಬಹುದಾದ ಎರಡು ಸೀಟಿನ ಓಪನ್ ಕಾರು. ಅದರ 1798 ಸಿಸಿ ಎಂಜಿನ್ ಬಿಎಂಸಿಯ ಬಿ-ಸೀರೀಸ್ ಕುಟುಂಬದ್ದು. ನಮ್ಮ ಅಂಬಾಸಡರ್‌ನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಇದರದ್ದೇ ಅಣ್ಣ. ಹಾಗಾಗಿ ರಿಪೇರಿ ಸುಲಭ, ಪಾರ್ಟ್ಸ್ ಅಗ್ಗ. 18 ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು, ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು.

ಆದರೆ ಈ ಕಾರಿಗೊಂದು ಹುಟ್ಟು ದೌರ್ಬಲ್ಯ ಇತ್ತು. ಹಿಂದಿನ ಎಂಜಿಎಗೆ ಪ್ರತ್ಯೇಕ ಚಾಸಿ ಇತ್ತು. ಬಾಡಿ ಅದರ ಮೇಲೆ ಕೂರುತ್ತಿತ್ತು. ಎಂಜಿಬಿ ಮಾನೊಕಾಕ್, ಅಂದರೆ ಬಾಡಿಯೇ ಚಾಸಿ. ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಿನಲ್ಲಿ ಭಾರವನ್ನೆಲ್ಲ ಹೊರುವುದು ಬಾಗಿಲ ಕೆಳಗಿನ ಸಿಲ್‌ಗಳು. ಅವು ಒಳಗೆ ಟೊಳ್ಳಾದ, ಹಲವು ಪದರದ ತಗಡಿನ ಪೆಟ್ಟಿಗೆಗಳು. ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಎರಡೂ ಒಳಗೆ ಸೇರಿದರೆ ಕಥೆ ಮುಗೀತು. ಹೊರಗಿನಿಂದ ಪೇಂಟ್ ಫಳಫಳ ಹೊಳೆಯುತ್ತಿರುತ್ತೆ, ಒಳಗೆ ತಗಡು ಹಪ್ಪಳ ಆಗಿರುತ್ತೆ. ಎಷ್ಟೋ ಜನ ತುಕ್ಕಿನ ಮೇಲೇ ಹೊಸ ತಗಡು ಹೊದಿಸಿ ಮಾರಿದ್ದೂ ಉಂಟು.

ಸರಿಯಾಗಿ ರಿಪೇರಿ ಮಾಡಬೇಕಾದರೆ ತಾಳ್ಮೆ ಬೇಕು. ಸಿಲ್ ಕತ್ತರಿಸುವ ಮೊದಲು ಬಾಗಿಲ ಸಂದುಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಬಾಗಿಲ ಜಾಗಕ್ಕೆ ಅಡ್ಡವಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಬಾಡಿಯನ್ನು ಹಿಡಿದಿಡಬೇಕು. ಒಂದು ಬದಿ ಪೂರ್ತಿ ಮುಗಿದ ಮೇಲಷ್ಟೇ ಇನ್ನೊಂದು ಬದಿ. ಇದನ್ನು ಬಿಟ್ಟು ಅವಸರ ಮಾಡಿದರೆ ಕಾರು ನಡುವೆ ಕುಸಿಯುತ್ತೆ, ಆಮೇಲೆ ಬಾಗಿಲು ಮುಚ್ಚೋದೇ ಇಲ್ಲ. ಇಷ್ಟು ಕಷ್ಟಪಟ್ಟರೂ ಎಷ್ಟೋ ಕಾರುಗಳಿಗೆ ವೆಲ್ಡ್ ಮಾಡಲು ಗಟ್ಟಿ ಲೋಹವೇ ಉಳಿದಿರಲಿಲ್ಲ. 1988ರ ಹೊಸ ಶೆಲ್ ಅಂಥವರಿಗೆ ಸಿಕ್ಕ ವರ.

ಮಾಡಿಫಿಕೇಶನ್ ಕಥೆಯೂ ಇಷ್ಟೇ ಹಳೆಯದು. ಕೆನ್ ಕಾಸ್ಟೆಲೊ ಎಂಬಾತ 1970ರ ದಶಕದ ಆರಂಭದಲ್ಲೇ ಎಂಜಿಬಿಯಲ್ಲಿ ರೋವರ್‌ನ 3.5 ಲೀಟರ್ ವಿ8 ಎಂಜಿನ್ ಕೂರಿಸಿ ಮಾರುತ್ತಿದ್ದ. ಬ್ರಿಟಿಷ್ ಲೇಲ್ಯಾಂಡ್ ಕಂಪನಿ ಅವನ ಕಾರನ್ನು ತರಿಸಿ ನೋಡಿತು, ನಂತರ 1973ರಲ್ಲಿ ತನ್ನದೇ ಎಂಜಿಬಿ ಜಿಟಿ ವಿ8 ಬಿಟ್ಟಿತು. ಗ್ಯಾರೇಜಿನ ತಲೆ ಓಡಿದ ಮೇಲೆ ಕಂಪನಿಯ ತಲೆ ಓಡಿತು ಅನ್ನಿ. 1974ರಲ್ಲಿ ಅಮೆರಿಕದ ಬಂಪರ್ ನಿಯಮಕ್ಕಾಗಿ ಕ್ರೋಮ್ ಬಂಪರ್ ಹೋಗಿ ದಪ್ಪ ಕಪ್ಪು ಬಂಪರ್ ಬಂತು, ಕಾರಿನ ಎತ್ತರವೂ ಹೆಚ್ಚಿತು. ತಿರುವಿನಲ್ಲಿ ಕಾರು ವಾಲತೊಡಗಿತು. ಇವತ್ತಿಗೂ ಎಷ್ಟೋ ಮಾಲೀಕರು ಆ ಬಂಪರ್ ಕಿತ್ತು ಕ್ರೋಮ್ ಹಾಕಿಸುತ್ತಾರೆ, ಎತ್ತರ ಇಳಿಸುತ್ತಾರೆ. ಈಗ ಹೇಳಿ, ಇದು ಹಳೆಯದಕ್ಕೆ ಮರಳುವುದಾ ಅಥವಾ ಮೂಲವನ್ನು ಕೆಡಿಸುವುದಾ? ಆ ಒಂದು ಕಾರಿನ ಮಟ್ಟಿಗೆ ಕಪ್ಪು ಬಂಪರೇ ಮೂಲ, ಅಲ್ವಾ?

ಈ ಪ್ರಶ್ನೆ ತಮಾಷೆಯಾಗಿ ಉಳಿಯದೇ ಇರುವುದು ವಿಮೆಯ ಕಾರಣಕ್ಕೆ. ಸಾಮಾನ್ಯ ಪಾಲಿಸಿಯ ಲೆಕ್ಕದಲ್ಲಿ ಕಾರು ಅಂದ್ರೆ ಪ್ರತಿ ವರ್ಷ ಬೆಲೆ ಕಳೆದುಕೊಳ್ಳುವ ವಸ್ತು. ನೀವು ಮೂರು ವರ್ಷದ ವಾರಾಂತ್ಯಗಳನ್ನೂ ಉಳಿತಾಯವನ್ನೂ ಸುರಿದು ಕಾರನ್ನು ನಿಲ್ಲಿಸಿರುತ್ತೀರಿ, ಅದಕ್ಕೆ ಬೆಂಕಿ ಬಿದ್ದರೆ ಕೈಗೆ ಸಿಗುವುದು ಹಳೆ ಕಾರಿನ ಬೆಲೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಸಮುದ್ರದಿಂದ. ಬ್ರಿಟನ್ನಿನ 1906ರ ಸಾಗರ ವಿಮೆ ಕಾಯ್ದೆಯಲ್ಲಿ ಹಡಗಿನ ಬೆಲೆಯನ್ನು ಎರಡೂ ಕಡೆಯವರು ಮೊದಲೇ ಒಪ್ಪಿ ಬರೆದುಕೊಳ್ಳುವ ಪಾಲಿಸಿ ಇತ್ತು. ಮೋಸ ಇಲ್ಲದಿದ್ದರೆ ಆ ಬೆಲೆಯೇ ಅಂತಿಮ. ಅಮೆರಿಕದ ಮಿಷಿಗನ್‌ನಲ್ಲಿ 1984ರಲ್ಲಿ ಶುರುವಾದ ಹ್ಯಾಗರ್ಟಿ ಕಂಪನಿ ಮೊದಲು ವಿಮೆ ಮಾಡಿದ್ದು ಹಳೆಯ ಮರದ ದೋಣಿಗಳಿಗೆ, ಆಮೇಲೆ ಹಳೆ ಕಾರುಗಳಿಗೆ. ಇವತ್ತಿನ ಕ್ಲಾಸಿಕ್ ಕಾರಿನ 'ಒಪ್ಪಿತ ಬೆಲೆ' ಪಾಲಿಸಿ ಹಡಗಿನ ಪಾಲಿಸಿಯ ಮೊಮ್ಮಗ.

ಇದಕ್ಕೆ ಷರತ್ತುಗಳೂ ಇರುತ್ತವೆ. ವರ್ಷಕ್ಕೆ ಇಂತಿಷ್ಟೇ ಮೈಲಿ ಓಡಿಸಬೇಕು, ರಾತ್ರಿ ಗ್ಯಾರೇಜಿನಲ್ಲಿ ಇಡಬೇಕು, ದಿನದ ಓಡಾಟಕ್ಕೆ ಬೇರೆ ಕಾರು ಇರಬೇಕು. ಫೋಟೊ ಕೊಡಬೇಕು, ಬೆಲೆಯನ್ನು ಆಗಾಗ ಮರುನಿಗದಿ ಮಾಡಿಸಬೇಕು. ಮುಖ್ಯವಾಗಿ ಬದಲಾಯಿಸಿದ್ದನ್ನೆಲ್ಲ ಹೇಳಬೇಕು. ವಿ8 ಕೂರಿಸಿ ಸುಮ್ಮನಿದ್ದರೆ ಕ್ಲೇಮ್ ದಿನ ಬಾಯಿ ಬಡ್ಕೋಬೇಕಾಗುತ್ತೆ.

ಸರ್ಕಾರಗಳೂ ಈ ಪ್ರಶ್ನೆಗೆ ಉತ್ತರ ಹುಡುಕಿವೆ. ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಬಹಳ ವರ್ಷ ಅಂಕಪಟ್ಟಿಯನ್ನೇ ಬಳಸಿತು: ಚಾಸಿ ಅಥವಾ ಶೆಲ್‌ಗೆ 5, ಸಸ್ಪೆನ್ಶನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2, ಎಂಜಿನ್‌ಗೆ 1. ಹಳೇ ನಂಬರ್ ಉಳಿಯಲು 8 ಅಂಕ ಬೇಕು. ನಾವು ಕಾರಿನ ಹೃದಯ ಅಂತ ಕರೆಯುವ ಎಂಜಿನ್‌ಗೆ ಒಂದೇ ಅಂಕ! ಅದೇ ವಿನ್ಯಾಸದ ಹೊಸ ಶೆಲ್‌ಗೂ ಅಲ್ಲಿ ಜಾಗ ಇತ್ತು. ನಮ್ಮ ತೇರುಗಳ ಹಾಗೆ. ಚಕ್ರ ಬದಲಾಗುತ್ತೆ, ಹಗ್ಗ ಬದಲಾಗುತ್ತೆ, ಆದರೂ ಊರಿಗೆ ಅದೇ ತೇರು.

ನಮ್ಮಲ್ಲಿ ಉತ್ತರ ಇನ್ನೂ ಬಿಗಿ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನ ಮಾತ್ರ ವಿಂಟೇಜ್. ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಹೇಗೂ ತಡೆಯುತ್ತೆ. ವಿಮೆಯಲ್ಲಿ ಮಾತ್ರ ಒಂದು ಕಿಂಡಿ ಇದೆ. ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ಘೋಷಿತ ಬೆಲೆ, ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳುವಂಥದ್ದು. ರಿನ್ಯೂವಲ್ ಹೊತ್ತಿಗೆ ಮೊಬೈಲಿನಲ್ಲಿ ಕಂಡ ಅಂಕಿಗೆ ಓಕೆ ಒತ್ತುವ ಅಭ್ಯಾಸ ನಮ್ಮದು. ಹಳೇ ಕಾರಿದ್ದವರು ಅಲ್ಲಿ ನಿಂತು ಚೌಕಾಸಿ ಮಾಡಬೇಕು.

'ಮೂಲ ರೂಪ' ಅನ್ನುವ ಮಾತಿನ ಬಗ್ಗೆ ನನಗೆ ತಕರಾರಿದೆ. ಐವತ್ತು ವರ್ಷ ಯಾರೂ ಕೈ ಹಾಕದೆ ಉಳಿದ ಕಾರು ಮ್ಯೂಸಿಯಮ್ಮಿನದ್ದು. ರಸ್ತೆಯಲ್ಲಿ ಉಳಿದ ಕಾರೆಲ್ಲ ಯಾರೋ ಕತ್ತರಿಸಿ, ಬೆಸೆದು, ಬೇರೆ ಕಡೆಯ ಪಾರ್ಟ್ ಹಾಕಿ ಉಳಿಸಿದ್ದೇ. ಕಂಪನಿ ಕೈಬಿಟ್ಟ ಎಂಜಿಬಿ ಬದುಕಿದ್ದು ಹಾಗೆ. ನಮ್ಮ ಕಾಂಟೆಸ್ಸಾ ಕೂಡ ಮೊದಲಿಗೆ ಅಂಬಾಸಡರ್‌ನ ಆ ಬಿ-ಸೀರೀಸ್ ಎಂಜಿನ್‌ನಲ್ಲೇ ಬಂತು, ನಂತರ ಕಂಪನಿಯೇ ಇಸುಜು ಎಂಜಿನ್ ಹಾಕಿತು. ಕಂಪನಿ ಬದಲಾಯಿಸಿದರೆ ಹೊಸ ಮಾಡೆಲ್, ಮಾಲೀಕ ಬದಲಾಯಿಸಿದರೆ ಅಪರಾಧ. ಬ್ರೇಕು, ಸ್ಟೀರಿಂಗ್ ವಿಷಯದಲ್ಲಿ ಕಾನೂನಿನ ಭಯ ಇರಲೇಬೇಕು, ಅದು ಎದುರಿನವರ ಜೀವದ ಪ್ರಶ್ನೆ. ಆದರೆ ಪ್ರಾಮಾಣಿಕ ರಿಪೇರಿಗೆ ನಿಯಮದಲ್ಲಿ ಇನ್ನಷ್ಟು ಜಾಗ ಬೇಕು.

ಅಲ್ಲಿಯವರೆಗೆ ಮಾಡಬಹುದಾದ್ದು ಇಷ್ಟು: ಅಪ್ಪನದ್ದೋ ಮಾವನದ್ದೋ ಹಳೇ ಕಾರು ಮನೆಯಲ್ಲಿದ್ದರೆ ಪ್ರತಿ ಬಿಲ್ಲು, ಪ್ರತಿ ಹಂತದ ಫೋಟೊ ಜೋಪಾನ ಮಾಡಿ. ಕಿತ್ತ ಪಾರ್ಟನ್ನು ಗುಜರಿಗೆ ಹಾಕಬೇಡಿ. ಆರ್‌ಟಿಒಗೂ ವಿಮೆ ಕಂಪನಿಗೂ ಅರ್ಥವಾಗುವ ಭಾಷೆ ಅದೊಂದೇ.