ಬೀಪಿ ಮಾತ್ರೆ ಮತ್ತು ಗೋಲ್ಡ್‌ಬ್ಲಾಟ್‌ರ ನಾಯಿಗಳು

ಕುಡುಮಲಕುಂಟೆಯಿಂದ ಅಮ್ಮನ ಫೋನು: "ನಿನ್ನೆಯಿಂದ ವಾಂತಿ ಭೇದಿ ಕಣೋ. ಬೀಪಿ ಮಾತ್ರೆ ನುಂಗ್ಲಾ, ಬೇಡ್ವಾ?"

ಈ ಪ್ರಶ್ನೆಯ ಬೇರು 1934ರಲ್ಲಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ವೈದ್ಯರು ನಾಯಿಗಳ ಕಿಡ್ನಿಗೆ ರಕ್ತ ಒಯ್ಯುವ ನಾಳಕ್ಕೆ ಬೆಳ್ಳಿಯ ಕ್ಲಿಪ್ ಹಾಕಿದರು. ಸ್ವಲ್ಪ ಬಿಗಿದರೆ ಬೀಪಿ ಏರಿತು, ತೀರಾ ಬಿಗಿದರೆ ಕಿಡ್ನಿಯೇ ಕೈಕೊಟ್ಟಿತು. ಪಾಪದ ನಾಯಿಗಳು! ರಕ್ತ ಕಡಿಮೆಯಾದರೆ ಕಿಡ್ನಿ ಸುಮ್ಮನಿರಲ್ಲ, ಅದು ಬಿಡುವ ರೆನಿನ್‌ನಿಂದ ಆಂಜಿಯೊಟೆನ್ಸಿನ್ ಹುಟ್ಟುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಅದು ಕಿಡ್ನಿಯ ಸೋಸುವ ಜಾಲರಿಯಿಂದ ಹೊರಹೋಗೋ ನಾಳವನ್ನ ಹಿಂಡುತ್ತೆ. ನೀರು ಕಮ್ಮಿಯಾದಾಗ ತೂಬು ಅರ್ಧ ಮುಚ್ಚಿ ಕುಂಟೆಯ ಮಟ್ಟ ಉಳಿಸಿಕೊಂಡ ಹಾಗೆ. ಸೋಸೋ ಕೆಲಸ ನಿಲ್ಲಲ್ಲ.

ಬ್ರೆಜಿಲ್‌ನ ಜರರಾಕ ಹಾವಿನ ವಿಷದ ಜಾಡು ಹಿಡಿದು ತಯಾರಾದ ಕ್ಯಾಪ್ಟೊಪ್ರಿಲ್‌ಗೆ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆಂಜಿಯೊಟೆನ್ಸಿನ್ ಹುಟ್ಟದಂತೆ ತಡೆಯುತ್ತೆ. ಬೀಪಿ ಇಳಿಯುತ್ತೆ, ಜೊತೆಗೆ ತೂಬೂ ತೆರೆದುಕೊಳ್ಳುತ್ತೆ. ಕಿಡ್ನಿಯ ನಾಳ ಬಿಗಿದ ನಾಯಿಗಳಿಗೆ ಈ ಜಾತಿಯ ಮದ್ದು ಕೊಟ್ಟಾಗ ಸೋಸುವ ಪ್ರಮಾಣ ಕುಸಿಯಿತು. 1983ರಲ್ಲಿ ಎರಡೂ ಕಿಡ್ನಿಯ ನಾಳ ಕಿರಿದಾದ ರೋಗಿಗಳಲ್ಲೂ ಅದೇ ವರದಿಯಾಯ್ತು. ವಾಂತಿ ಭೇದಿಯಲ್ಲೋ, ಕುಂಟೆಗೆ ಬರೋ ನೀರೇ ಕಮ್ಮಿ.

ಎಲ್ಲಾ ಬೀಪಿ ಮಾತ್ರೆಯೂ ಇದಲ್ಲ. ಅದಕ್ಕೇ ಅಮ್ಮನ ಹತ್ರ ಮಾತ್ರೆ ಪಟ್ಟಿಯ ಫೋಟೋ ತರಿಸ್ಕೊಂಡೆ. ಹೆಸರಿನ ಕೊನೆಯಲ್ಲಿ 'ಪ್ರಿಲ್' ಇತ್ತು. ಡಾಕ್ಟರಿಗೆ ಫೋನ್ ಮಾಡಿದ್ರೆ, "ಓಆರ್‌ಎಸ್ ಕುಡಿಸಿ, ಸರಿಹೋಗೋವರೆಗೆ ಆ ಮಾತ್ರೆ ಬೇಡ, ನಾಳೆ ಕರ್ಕೊಂಡು ಬನ್ನಿ, ಕ್ರಿಯಾಟಿನಿನ್ ನೋಡೋಣ" ಅಂದ್ರು.