ಮೂರು ಬ್ಯಾಟರಿಗಳ ರೇಡಿಯೊ

ರೇಡಿಯೊದ ಕತೆಯನ್ನು ಸಾಮಾನ್ಯವಾಗಿ ಮಾರ್ಕೋನಿಯಿಂದ ಶುರುಮಾಡುತ್ತಾರೆ. ನಾನು ಬ್ಯಾಟರಿಯಿಂದ ಶುರುಮಾಡುತ್ತೇನೆ. 1920ರ ದಶಕದ ಅಮೆರಿಕದ ಸೆಟ್ಟುಗಳ ರಚನೆಯನ್ನು ಗಮನಿಸಿದಷ್ಟೂ, ಅವುಗಳ ರೂಪವನ್ನು ನಿರ್ಧರಿಸಿದ್ದು ಮೇಜಿನ ಕೆಳಗಿದ್ದ ಬ್ಯಾಟರಿಯೇ ಎಂದು ನನಗೆ ಅನಿಸಿದೆ.

ಆಗಿನ ವಾಲ್ವ್ ಸೆಟ್ಟಿಗೆ ಮೂರು ಬಗೆಯ ಬ್ಯಾಟರಿ ಬೇಕಿತ್ತು. ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ತಂತಿ ಕಾದರೆ ಮಾತ್ರ ಅದರಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ತಂತಿಯನ್ನು ಕಾಯಿಸಲು 'ಎ' ಬ್ಯಾಟರಿ. ಇದು ಹೆಚ್ಚಾಗಿ ಆ ಕಾಲದ ಕಾರುಗಳಲ್ಲಿದ್ದಂಥ 6 ವೋಲ್ಟಿನ ಆಸಿಡ್ ಬ್ಯಾಟರಿ. ಎಲೆಕ್ಟ್ರಾನುಗಳನ್ನು ಎದುರಿನ ತಗಡಿಗೆ ಸೆಳೆಯಲು 'ಬಿ'. 45 ವೋಲ್ಟಿನ ಎರಡು ಒಣ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 90 ವೋಲ್ಟ್. ನಡುವಿನ ಗ್ರಿಡ್ಡನ್ನು ಹದ್ದುಬಸ್ತಿನಲ್ಲಿಡಲು ಪುಟ್ಟ 'ಸಿ'.

ದೊಡ್ಡ ತಲೆನೋವು 'ಎ' ಬ್ಯಾಟರಿಯದು. ಯುವಿ-201 ಎಂಬ ವಾಲ್ವ್ 1 ಆಂಪಿಯರ್ ಕುಡಿಯುತ್ತಿತ್ತು. ಐದು ವಾಲ್ವಿನ ಸೆಟ್ಟಾದರೆ 5 ಆಂಪಿಯರ್. ಬ್ಯಾಟರಿ 100 ಆಂಪಿಯರ್-ಗಂಟೆಯದು ಎಂದಿಟ್ಟುಕೊಂಡರೂ 20 ಗಂಟೆಗೆ ಖಾಲಿ. ಮತ್ತೆ ಚಾರ್ಜ್ ಮಾಡಿಸಬೇಕು. ಆಸಿಡ್ ತುಳುಕಿದರೆ ಜಮಖಾನೆ ತೂತು. ಟಂಗ್‌ಸ್ಟನ್ ತಂತಿಗೆ ಥೋರಿಯಂ ಬೆರೆಸಿದ ಯುವಿ-201ಎ ಬಂದ ಮೇಲೆ ಕಾಲು ಆಂಪಿಯರ್ ಸಾಕಾಯಿತು. ಅದೇ ಬ್ಯಾಟರಿ ಈಗ 80 ಗಂಟೆ ಬಾಳುತ್ತಿತ್ತು. ಡಬ್ಲ್ಯೂಡಿ-11 ವಾಲ್ವಿಗಂತೂ ಒಂದೇ ಒಣ ಸೆಲ್ಲು ಸಾಕಿತ್ತು.

ಈ ಜಿಪುಣತನ ಸೆಟ್ಟಿನ ಮೈಯಲ್ಲೆಲ್ಲ ಕಾಣುತ್ತದೆ. ಮುಂಭಾಗದ ಗುಂಡಿಗಳಲ್ಲಿ ಕೆಲವು ಸ್ಟೇಷನ್ ಹುಡುಕಲು ಇದ್ದವಲ್ಲ, ತಂತಿಯ ಕಾವನ್ನು ಹೆಚ್ಚುಕಡಿಮೆ ಮಾಡಲು ಇದ್ದವು. ಆರ್ಮ್‌ಸ್ಟ್ರಾಂಗ್ 1914ರಲ್ಲಿ ಪೇಟೆಂಟ್ ಪಡೆದ ರೀಜನರೇಟಿವ್ ಸರ್ಕ್ಯೂಟು, ವಾಲ್ವಿನಿಂದ ಹೊರಬಂದ ಸಂಕೇತದ ಒಂದು ಪಾಲನ್ನು ಮತ್ತೆ ಅದಕ್ಕೇ ಉಣಿಸಿ ಒಂದೇ ವಾಲ್ವಿನಿಂದ ಹಲವು ವಾಲ್ವುಗಳ ಕೆಲಸ ತೆಗೆಯಿತು. ಗುಂಡಿಯನ್ನು ತುಸು ಹೆಚ್ಚು ತಿರುಗಿಸಿದರೆ ಸೆಟ್ಟೇ ಪ್ರಸಾರಕ್ಕೆ ತೊಡಗಿ, ನೆರೆಮನೆಯ ರೇಡಿಯೊದಲ್ಲಿ ಸಿಳ್ಳೆ ಏಳುತ್ತಿತ್ತು.

1927ರ ಸುಮಾರಿಗೆ ಮನೆಯ ಕರೆಂಟಿನಲ್ಲೇ ಕಾಯುವ ವಾಲ್ವುಗಳು ಬಂದವು. ಬ್ಯಾಟರಿಯ ಕತೆ ಮುಗಿಯಿತೆಂದು ಪಟ್ಟಣದವರಿಗೆ ಅನಿಸಿರಬೇಕು. ಆದರೆ 1930ರಲ್ಲಿ ಅಮೆರಿಕದ ಹತ್ತರಲ್ಲಿ ಸುಮಾರು ಒಂಬತ್ತು ರೈತಮನೆಗಳಿಗೆ ಕರೆಂಟೇ ಇರಲಿಲ್ಲ. ಹವಾಮಾನ, ಮಾರುಕಟ್ಟೆಯ ದರ ಯಾರಿಗೆ ತುರ್ತಾಗಿ ಬೇಕಿತ್ತೋ ಅವರೇ ಬ್ಯಾಟರಿ ಹೊರುತ್ತಿದ್ದರು. ಅವರಿಗಾಗಿ 2 ವೋಲ್ಟಿನಲ್ಲಿ 60 ಮಿಲಿಆಂಪಿಯರ್ ಸಾಕೆನ್ನುವ ವಾಲ್ವುಗಳು ಬಂದವು. 1930ರ ದಶಕದಲ್ಲಿ ಜೆನಿತ್ ಕಂಪನಿ ರೇಡಿಯೊದ ಜೊತೆಗೆ ಬ್ಯಾಟರಿ ಚಾರ್ಜ್ ಮಾಡುವ ಗಾಳಿಯಂತ್ರವನ್ನೂ ಮಾರಿತು.

ತಂತ್ರಜ್ಞಾನದ ಚರಿತ್ರೆಯಲ್ಲಿ 'ಹಳತು' ಎಂದು ಬದಿಗಿಟ್ಟದ್ದು ಯಾರ ಪಾಲಿಗೆ ಹಳತಾಗಿತ್ತು ಎಂದೂ ಕೇಳಬೇಕು. ತಂತಿ ತಲುಪದ ಮನೆಗೆ ದನಿ ತಲುಪಿಸಿದ್ದು ಆ ಮಿಲಿಆಂಪಿಯರುಗಳ ಲೆಕ್ಕಾಚಾರವೇ.